ಗೆಂದಾಳಿ, ಊರ ತೆಂಗು ಮತ್ತು ಆರು ಟೆಸ್ಟ್‌ಗಳು: ಏರುಪೇರು ಹೋಲಿಸಲು ಯಾವುದನ್ನು ಹಿಡಿಯೋಣ?

ಮಳೆ ಕಡಿಮೆಯಾಗಿ ಅಂಗಳಕ್ಕೆ ಅಡಿಕೆ ಬರುವ ಹೊತ್ತಿಗೆ ನನ್ನ ಫೋನಿಗೂ ಕೆಲಸ ಬರುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಕಡೆಯ ಮಕ್ಕಳಿಗೆ ಅದು ಎಂಎಸ್ಸಿ ಪ್ರಾಜೆಕ್ಟ್ ಸಮಯ. ಪ್ರಶ್ನೆ ಮಾತ್ರ ಪ್ರತಿ ವರ್ಷವೂ ಒಂದೇ. "ಟೀಚರೇ, ಎರಡು ಗುಂಪಿನ ಏರುಪೇರು ಹೋಲಿಸಬೇಕು. ಎಫ್ ಟೆಸ್ಟ್ ಮಾಡಲಾ, ಲೆವೀನ್ ಮಾಡಲಾ?"

ಸರಾಸರಿ ಹೋಲಿಸಲು ಟಿ ಟೆಸ್ಟ್ ಎಂಬುದು ಎಲ್ಲರಿಗೂ ಬಾಯಿಪಾಠ. ಏರುಪೇರಿನ ವಿಷಯಕ್ಕೆ ಬಂದರೆ ಸಾಫ್ಟ್‌ವೇರಿನ ಮೆನುವಿನಲ್ಲೇ ಅರ್ಧ ಡಜನ್ ಹೆಸರು ಕಾಣುತ್ತವೆ. ಒಂದೊಂದಕ್ಕೂ ಒಂದೊಂದು ಉತ್ತರ ಬರುತ್ತದೆ. ಆಗ ಮಕ್ಕಳು ಏನು ಮಾಡುತ್ತಾರೆ? ಎಲ್ಲವನ್ನೂ ಓಡಿಸಿ, ಚಂದ ಕಂಡದ್ದನ್ನು ಬರೆಯುತ್ತಾರೆ. ಅದೊಂದು ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ಈ ಸಲ ನೀರ್ಚಾಲಿನ ಕಡೆಯಿಂದ ಬಂದ ಹುಡುಗಿಯ ವಿಷಯ ನನಗೆ ಬಹಳ ಹಿಡಿಸಿತು. ಗೆಂದಾಳಿ ಮತ್ತು ನಮ್ಮ ಊರ ಎತ್ತರದ ತೆಂಗು, ಇವೆರಡರಲ್ಲಿ ಕಾಯಿಯ ತೂಕದ ಏರುಪೇರು ಯಾವುದರಲ್ಲಿ ಜಾಸ್ತಿ? ಸುಮ್ನೆ ಕೇಳಿದ ಪ್ರಶ್ನೆಯಲ್ಲ, ಇದಕ್ಕೆ ಕಾರಣವಿದೆ. ಎತ್ತರದ ತೆಂಗಿನ ಒಂದು ಹೊಂಬಾಳೆಯಲ್ಲಿ ಗಂಡು ಹೂಗಳ ಸರದಿ ಮುಗಿದ ಮೇಲೆ ಹೆಣ್ಣು ಹೂಗಳ ಸರದಿ. ಹಾಗಾಗಿ ಪರಾಗ ಹೆಚ್ಚಾಗಿ ಬೇರೆ ಮರದಿಂದ ಬರಬೇಕು. ಗಿಡ್ಡ ತಳಿಗಳಲ್ಲಿ ಎರಡೂ ಸರದಿ ಒಟ್ಟಿಗೆ ಬೀಳುತ್ತವೆ. ಆದ್ದರಿಂದ ತನ್ನದೇ ಪರಾಗ ತನಗೇ ಸಿಗುವುದು ಜಾಸ್ತಿ. ಗೆಂದಾಳಿ, ಅಂದರೆ ವಿಜ್ಞಾನಿಗಳು ಚೌಘಾಟ್ ಆರೆಂಜ್ ಡ್ವಾರ್ಫ್ ಎನ್ನುವ ಸೀಯಾಳದ ತಳಿ, ಈ ಎರಡನೆಯ ಗುಂಪಿನದು. ಒಂದೇ ಮನೆಯೊಳಗೆ ಮದುವೆಯಾಗುತ್ತಾ ಬಂದ ಕುಲದ ಹಾಗೆ, ಮರದಿಂದ ಮರಕ್ಕೆ ವ್ಯತ್ಯಾಸ ಕಡಿಮೆ ಇರಬೇಕು ಎಂಬುದು ಊಹೆ. ಊಹೆಯನ್ನು ಅಂಕೆಯಲ್ಲಿ ಪರೀಕ್ಷಿಸುವುದಕ್ಕೆ ಟೆಸ್ಟ್ ಬೇಕು.

ಮೊದಲು ಅಳತೆಗೋಲು

ಟೆಸ್ಟಿನ ಹೆಸರು ಎತ್ತುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಡಿ. ಪೆನ್ಸಿಲಿನಲ್ಲಿ ಅಲ್ಲ, ಪೆನ್ನಿನಲ್ಲಿ.

ಒಂದು: ಏರುಪೇರು ಎಂದರೆ ನಿಮಗೆ ಯಾವುದು? ಗ್ರಾಂ ಲೆಕ್ಕದ್ದೋ, ಗಾತ್ರಕ್ಕೆ ತಕ್ಕ ಹಾಗಿನದ್ದೋ? ಆನೆಗಳ ತೂಕ ಹತ್ತಿಪ್ಪತ್ತು ಕಿಲೋ ಆಚೀಚೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲಿಗಳ ತೂಕ ಹತ್ತು ಗ್ರಾಂ ಆಚೀಚೆಯಾದರೂ ಅದು ದೊಡ್ಡ ವಿಷಯ. ಎರಡು ಗುಂಪಿನ ಸರಾಸರಿಯೇ ತುಂಬ ಬೇರೆ ಇದ್ದಾಗ ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಮಕ್ಕಳು ಹಾರಿ ಹೋಗುವುದೂ ಇದನ್ನೇ.

ಎರಡು: ನಿಮ್ಮ ಅಂಕೆಗಳ ಆಕಾರ ಹೇಗಿದೆ? ನಡುವೆ ಉಬ್ಬಿ ಎರಡೂ ಕಡೆ ಸಮನಾಗಿ ಇಳಿಯುವ ಗಂಟೆಯಾಕಾರವೇ? ಒಂದು ಕಡೆ ಬಾಲ ಉದ್ದವೇ? ಎಲ್ಲೋ ಒಂದು ಅಂಕೆ ಒಂಟಿಯಾಗಿ ದೂರ ನಿಂತಿದೆಯೇ? ಇದನ್ನು ತಿಳಿಯಲು ಟೆಸ್ಟ್ ಬೇಡ. ಒಂದು ಗೆರೆ ಎಳೆದು ಅದರ ಮೇಲೆ ಚುಕ್ಕಿ ಇಟ್ಟು ನೋಡಿದರೆ ಸಾಕು.

ಮೂರು: ನಿಜವಾಗಿ ಎಷ್ಟು ಇವೆ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಹುಡುಗಿ ಮೊದಲು ತಂದದ್ದು ಗೆಂದಾಳಿಯ ಅರುವತ್ತು ಕಾಯಿ. ಎಷ್ಟು ಮರದ್ದು ಎಂದು ಕೇಳಿದೆ. ಮೂರು. ಹಾಗಾದರೆ ಅದು ಅರುವತ್ತಲ್ಲ, ಮೂರು. ಒಂದೇ ಗೊನೆಯ ಕಾಯಿಗಳು ಒಂದೇ ಮನೆಯ ಮಕ್ಕಳು, ಒಂದನ್ನೊಂದು ಹೋಲುತ್ತವೆ. ನಮ್ಮ ಪ್ರಶ್ನೆ ಮರಗಳ ನಡುವಿನ ಏರುಪೇರಿನದ್ದಾದರೆ ಮರಕ್ಕೆ ಒಂದು ಅಂಕೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪ್ರತಿ ಮರದಿಂದ ಐದಾರು ಕಾಯಿ ತೂಗಿ ಸರಾಸರಿ ತೆಗೆಯಿರಿ, ಆ ಸರಾಸರಿಯನ್ನು ಟೆಸ್ಟಿಗೆ ಕೊಡಿ. ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ 1984ರಲ್ಲಿ ಈ ತಪ್ಪಿಗೆ 'ಸ್ಯೂಡೋರೆಪ್ಲಿಕೇಶನ್' ಎಂಬ ಹೆಸರನ್ನು ಬಳಕೆಗೆ ತಂದರು. ಹೆಸರು ಬಂದರೂ ತಪ್ಪು ಹೋಗಲಿಲ್ಲ.

ನಾಲ್ಕು: ನಿಮ್ಮ ಅಳತೆಯಲ್ಲೇ ಎಷ್ಟು ಏರುಪೇರಿದೆ? ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಓದುವ ಕಾಲದಲ್ಲಿ ನಾನೂ ನನ್ನ ಗೆಳತಿಯೂ ಸೇರಿ ಎರಡು ಹೊಳೆಗಳ ಅಳಿವೆಯ ಮರುವಾಯಿ ಚಿಪ್ಪು ಅಳೆದಿದ್ದೆವು. ಒಂದು ಕಡೆಯದ್ದನ್ನು ನಾನು, ಇನ್ನೊಂದನ್ನು ಅವಳು. ಅವಳ ಹೊಳೆಯ ಚಿಪ್ಪಿನಲ್ಲಿ ಏರುಪೇರು ಎಷ್ಟೋ ಹೆಚ್ಚು ಬಂತು. ನಾವು ಉಪ್ಪುನೀರು, ಮರಳು, ಹರಿವು ಎಂದು ಎರಡು ಪುಟ ಕಾರಣ ಬರೆದೆವು. ಕೊನೆಗೆ ಅನುಮಾನ ಬಂದು ಅದೇ ಚಿಪ್ಪುಗಳನ್ನು ನಾನೇ ಅಳೆದೆ. ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಅವಳು ಕೆಲವು ಚಿಪ್ಪನ್ನು ಉದ್ದಕ್ಕೆ, ಕೆಲವನ್ನು ಓರೆಯಾಗಿ ಹಿಡಿದಿದ್ದಳು, ಅಷ್ಟೇ. ಸರಾಸರಿಯಲ್ಲಿ ಇಂಥ ತಪ್ಪು ಹೆಚ್ಚಾಗಿ ಮುಚ್ಚಿಹೋಗುತ್ತದೆ. ಏರುಪೇರಿನಲ್ಲಿ ಅದು ನೇರ ಬಂದು ಸೇರುತ್ತದೆ. ಹಾಗಾಗಿ ಎರಡೂ ಗುಂಪನ್ನು ಒಬ್ಬರೇ, ಒಂದೇ ತಕ್ಕಡಿಯಲ್ಲಿ ಅಳೆಯಿರಿ. ಹತ್ತನ್ನಾದರೂ ಎರಡೆರಡು ಸಲ ಅಳೆಯಿರಿ.

ಕೈಗೆ ಸಿಗುವ ಒಂದು ಲೆಕ್ಕ

ಮುಂದಿನ ಮಾತು ಗಾಳಿಯಲ್ಲಿ ತೇಲದ ಹಾಗೆ ಎರಡು ಸಾಲು ಅಂಕೆ ಇಟ್ಟುಕೊಳ್ಳೋಣ. ಇವು ಯಾರ ತೋಟದ್ದೂ ಅಲ್ಲ, ಲೆಕ್ಕ ತೋರಿಸಲು ನಾನೇ ಜೋಡಿಸಿದ್ದು. ಸುಲಿದ ಕಾಯಿಯ ತೂಕ, ಗ್ರಾಂನಲ್ಲಿ, ಮರಕ್ಕೆ ಒಂದರಂತೆ ಎಂಟು.

ಗೆಂದಾಳಿ: 280, 300, 320, 330, 345, 355, 380, 410.
ಊರ ತೆಂಗು: 420, 470, 500, 530, 560, 590, 640, 690.

ಗೆಂದಾಳಿಯ ಸರಾಸರಿ 340 ಗ್ರಾಂ, ಊರ ತೆಂಗಿನದ್ದು 550. ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ, ಕ್ರಮವಾಗಿ 42 ಮತ್ತು 89. ವೇರಿಯನ್ಸ್ ಎಂದರೆ ಅದರ ವರ್ಗ: ಸುಮಾರು 1779 ಮತ್ತು 7943. ಮೇಲ್ನೋಟಕ್ಕೆ ಊರ ತೆಂಗಿನದ್ದು ನಾಲ್ಕೂವರೆ ಪಟ್ಟು. ಆಯಿತಲ್ವಾ, ಗೆದ್ದೆವು ಎನ್ನಬೇಡಿ.

ಎಫ್ ಟೆಸ್ಟ್: ಹಳೆಯದು, ಚುರುಕು, ಮೂಗಿನ ಮೇಲೆ ಕೋಪ

ದೊಡ್ಡ ವೇರಿಯನ್ಸನ್ನು ಚಿಕ್ಕದರಿಂದ ಭಾಗಿಸುವುದು, ಇಷ್ಟೇ ಎಫ್ ಟೆಸ್ಟ್. ನಮ್ಮ ಲೆಕ್ಕದಲ್ಲಿ 4.47. ರೊನಾಲ್ಡ್ ಫಿಷರ್ ಅವರ ಗೌರವಕ್ಕೆ 'ಎಫ್' ಎಂಬ ಅಕ್ಷರ ಇಟ್ಟವರು ಜಾರ್ಜ್ ಸ್ನೆಡೆಕರ್. ಕ್ಯಾಲ್ಕುಲೇಟರ್ ಸಾಕು, ಹಿಂದಿನ ಪುಟದಲ್ಲಿ ಕೋಷ್ಟಕ ಇರುವ ಪುಸ್ತಕ ಸಾಕು. ಅಂಕೆಗಳು ನಿಜವಾಗಿ ಗಂಟೆಯಾಕಾರದಲ್ಲಿದ್ದರೆ ಇದಕ್ಕಿಂತ ಚುರುಕಾದ ಟೆಸ್ಟ್ ಇಲ್ಲ.

ಎಡವುವ ಒಂದು ಜಾಗ ಹೇಳಿಬಿಡುತ್ತೇನೆ. ಎಕ್ಸೆಲ್‌ನ ಡೇಟಾ ಅನಾಲಿಸಿಸ್ ಪಟ್ಟಿಯಲ್ಲಿರುವ ಎಫ್ ಟೆಸ್ಟ್ ಒಂದೇ ಬದಿಯ ಪಿ ವ್ಯಾಲ್ಯೂ ಕೊಡುತ್ತದೆ. ಪಿ ವ್ಯಾಲ್ಯೂ ಎಂದರೆ, ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ. ನಮ್ಮ ಅಂಕೆಗೆ ಅದು 0.03ರ ಸುಮಾರು. ಅದೇ ಎಕ್ಸೆಲ್‌ನಲ್ಲಿ ಸೂತ್ರವಾಗಿ ಎಫ್ ಟೆಸ್ಟ್ ಹಾಕಿದರೆ ಎರಡೂ ಬದಿಯದ್ದು ಬರುತ್ತದೆ, 0.07ರ ಸುಮಾರು. ಒಂದೇ ಕಂಪ್ಯೂಟರ್, ಒಂದೇ ಅಂಕೆ. ವ್ಯತ್ಯಾಸ ಇದೆ ಎನ್ನಲು ಸಾಮಾನ್ಯವಾಗಿ ಹಿಡಿಯುವ 0.05ರ ಗೆರೆಯ ಒಂದು ಈಚೆ, ಇನ್ನೊಂದು ಆಚೆ. ಯಾವುದರಲ್ಲಿ ಏರುಪೇರು ಜಾಸ್ತಿ ಎಂದು ಅಂಕೆ ನೋಡುವ ಮೊದಲೇ ಬರೆದಿಟ್ಟಿದ್ದರೆ ಒಂದು ಬದಿಯದ್ದನ್ನು ಹೇಳಬಹುದು. ನೋಡಿದ ಮೇಲೆ ಹೇಳುವುದಾದರೆ ಎರಡು ಬದಿಯದ್ದೇ ನ್ಯಾಯ.

ಇನ್ನು ಕೋಪದ ವಿಷಯ. ಕಾಯಿ ಸುಲಿದ ಮೇಲೆ ಗೆಂದಾಳಿಯ ಕಿತ್ತಳೆ ಬಣ್ಣ ಸಿಪ್ಪೆಯ ಜೊತೆ ಹೋಗುತ್ತದೆ. ಜಗಲಿಯಲ್ಲಿ ಎರಡು ರಾಶಿ ಪಕ್ಕಪಕ್ಕ ಇದ್ದರೆ ಒಂದು ಉರುಳಿ ಇನ್ನೊಂದಕ್ಕೆ ಸೇರಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಗೆಂದಾಳಿಯ ಸಾಲಿನ 410ರ ಜಾಗಕ್ಕೆ ಹಾಗೆ ಒಂದು 640 ಗ್ರಾಂನ ಕಾಯಿ ಬಂತು ಎನ್ನಿ. ವೇರಿಯನ್ಸ್ 1779ರಿಂದ ಸುಮಾರು 12,990ಕ್ಕೆ ಹಾರುತ್ತದೆ. ಏಳು ಪಟ್ಟಿಗೂ ಜಾಸ್ತಿ, ಒಂದೇ ಕಾಯಿಯಿಂದ. ಈಗ ಎಫ್ ಟೆಸ್ಟ್ ಹೇಳುವುದು ಉಲ್ಟಾ: ಗೆಂದಾಳಿಯಲ್ಲೇ ಏರುಪೇರು ಜಾಸ್ತಿ! ದೂರವನ್ನು ವರ್ಗ ಮಾಡುವುದರ ಫಲ ಇದು. ಜಾರ್ಜ್ ಬಾಕ್ಸ್ ಎಂಬ ಸಂಖ್ಯಾವಿಜ್ಞಾನಿ 1953ರಲ್ಲೇ ಈ ಬಗೆಯ ಟೆಸ್ಟ್‌ಗಳು ಗಂಟೆಯಾಕಾರ ತಪ್ಪಿದರೆ ಎಷ್ಟು ದಾರಿ ತಪ್ಪುತ್ತವೆ ಎಂದು ತೋರಿಸಿದ್ದರು. ಅಂಕೆಗಳನ್ನು ಜಾಸ್ತಿ ಮಾಡಿದರೂ ಈ ರೋಗ ವಾಸಿಯಾಗುವುದಿಲ್ಲ ಎಂಬುದು ಬೇಸರದ ವಿಷಯ.

1937ರ ಬಾರ್ಟ್ಲೆಟ್ ಟೆಸ್ಟ್ ಇದರ ಅಣ್ಣತಮ್ಮ. ಮೂರು ನಾಲ್ಕು ಗುಂಪು ಇದ್ದಾಗ ಬರುತ್ತದೆ, ಕೋಪ ಅದೇ. ಎರಡು ಗುಂಪಿಗೆ ಅದನ್ನು ಎತ್ತುವ ಅಗತ್ಯವಿಲ್ಲ.

ಲೆವೀನ್, ಮತ್ತು ಮಧ್ಯಾಂಕದ ಲೆವೀನ್

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. 1960ರಲ್ಲಿ ಹವರ್ಡ್ ಲೆವೀನ್ ಮಾಡಿದ ಉಪಾಯ ಸರಳ: ಪ್ರತಿ ಅಂಕೆಯೂ ತನ್ನ ಗುಂಪಿನ ಸರಾಸರಿಯಿಂದ ಎಷ್ಟು ದೂರ ಇದೆ ಎಂದು ಬರೆಯಿರಿ, ಪ್ಲಸ್ ಮೈನಸ್ ಬಿಡಿ, ಆ ದೂರಗಳ ಸರಾಸರಿಯನ್ನೇ ಎರಡು ಗುಂಪಿನ ನಡುವೆ ಹೋಲಿಸಿ. 1974ರಲ್ಲಿ ಬ್ರೌನ್ ಮತ್ತು ಫಾರ್ಸೈತ್, ಸರಾಸರಿಯ ಬದಲು ಮಧ್ಯಾಂಕದಿಂದ (ಅಂಕೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬೀಳುವುದು) ದೂರ ಅಳೆದರೆ ಬಾಲ ಉದ್ದವಿರುವ ಅಂಕೆಗಳಿಗೂ ಟೆಸ್ಟ್ ಸರಿಯಾಗಿ ನಿಲ್ಲುತ್ತದೆ ಎಂದು ತೋರಿಸಿದರು.

ಎಕ್ಸೆಲ್‌ನಲ್ಲಿ ಲೆವೀನ್ ಎಂಬ ಬಟನ್ ಇಲ್ಲ. ಆದರೆ ಹತ್ತು ನಿಮಿಷದಲ್ಲಿ ನಾವೇ ಮಾಡಬಹುದು. ಗೆಂದಾಳಿಯ ಮಧ್ಯಾಂಕ 337.5. ಅದರಿಂದ ದೂರಗಳು: 57.5, 37.5, 17.5, 7.5, 7.5, 17.5, 42.5, 72.5. ಸರಾಸರಿ ದೂರ 32.5 ಗ್ರಾಂ. ಊರ ತೆಂಗಿನ ಮಧ್ಯಾಂಕ 545, ಸರಾಸರಿ ದೂರ 70 ಗ್ರಾಂ. ಈ ಎರಡು ಕಾಲಮ್‌ಗೆ ಒನ್ ವೇ ಅನೋವಾ (ಗುಂಪುಗಳ ಸರಾಸರಿ ಹೋಲಿಸುವ ಟೆಸ್ಟ್) ಹಾಕಿದರೆ ಎಫ್ 3.81, ಪಿ 0.07ರ ಹತ್ತಿರ.

ಈಗ ಆ 640 ಗ್ರಾಂನ ಕಳ್ಳ ಕಾಯಿಯನ್ನು ಮತ್ತೆ ಹಾಕಿ ನೋಡಿ. ಮಧ್ಯಾಂಕ ಅಲ್ಲಾಡುವುದಿಲ್ಲ. ಸರಾಸರಿ ದೂರ 32.5ರಿಂದ 61 ಚಿಲ್ಲರೆಗೆ ಏರುತ್ತದೆ. ಪೆಟ್ಟು ಬಿದ್ದಿದೆ, ಇಲ್ಲವೆನ್ನುವುದಿಲ್ಲ. ಆದರೆ ಉತ್ತರ ಉಲ್ಟಾ ಆಗಲಿಲ್ಲ, ಇನ್ನೂ ಊರ ತೆಂಗಿನದ್ದೇ ಜಾಸ್ತಿ. ಟೆಸ್ಟಿನಿಂದ ನಾನು ಬಯಸುವ ಗುಣ ಇದು.

ಕೊರತೆ ಏನು? ಗುಂಪಿಗೆ ಏಳೆಂಟೇ ಅಂಕೆ ಇದ್ದರೆ ಇದು ತುಂಬ ಹೆದರುಪುಕ್ಕಲು. ನಿಜವಾದ ವ್ಯತ್ಯಾಸವನ್ನೂ ಬಿಟ್ಟುಬಿಡುತ್ತದೆ. ಇನ್ನೊಂದು ಜಾಗ್ರತೆ: 'ಲೆವೀನ್' ಎಂಬ ಒಂದೇ ಹೆಸರಿನಲ್ಲಿ ಎರಡು ಟೆಸ್ಟ್ ತಿರುಗುತ್ತವೆ. ಆರ್ ಎಂಬ ಸಾಫ್ಟ್‌ವೇರಿನ ಕಾರ್ ಪ್ಯಾಕೇಜ್ ಮತ್ತು ಪೈಥಾನ್‌ನ ಸೈಪೈ, ನೀವು ಬೇರೆ ಹೇಳದಿದ್ದರೆ, ಮಧ್ಯಾಂಕವನ್ನೇ ಹಿಡಿಯುತ್ತವೆ. ಎಸ್‌ಪಿಎಸ್‌ಎಸ್‌ನಲ್ಲಿ ಸರಾಸರಿಯ ಮೇಲಿನದ್ದೂ ಕಣ್ಣಿಗೆ ಬೀಳುತ್ತದೆ. ಯಾವುದನ್ನು ಬಳಸಿದಿರಿ ಎಂದು ವರದಿಯಲ್ಲಿ ಬರೆಯಿರಿ.

ಫ್ಲಿಗ್ನರ್–ಕಿಲ್ಲೀನ್: ಒಂಟಿ ಅಂಕೆಗಳ ಕಾಟ ಇದ್ದಾಗ

ಇದು ದೂರಗಳನ್ನೂ ಬಿಟ್ಟು ಅವುಗಳ ಸರದಿಯನ್ನು ಮಾತ್ರ ಹಿಡಿಯುತ್ತದೆ. ಅತಿ ಹತ್ತಿರದ್ದು ಒಂದನೆಯದು, ಮುಂದಿನದು ಎರಡನೆಯದು, ಹೀಗೆ. ಕಳ್ಳ ಕಾಯಿ 640 ಇರಲಿ, 6400 ಎಂದು ತಪ್ಪಿ ಟೈಪ್ ಮಾಡಿರಲಿ, ಅದು ಕೊನೆಯ ಸರದಿಯೇ. ಹಾನಿ ಅಲ್ಲಿಗೆ ನಿಲ್ಲುತ್ತದೆ. 1981ರಲ್ಲಿ ಕಾನೋವರ್ ಮತ್ತು ಜೊತೆಗಾರರು 56 ಟೆಸ್ಟ್‌ಗಳನ್ನು ಒಂದೇ ಕಣದಲ್ಲಿ ಇಳಿಸಿ ನೋಡಿದ್ದರು. ನಿಂತು ಉಳಿದ ಕೆಲವೇ ಕೆಲವರಲ್ಲಿ ಮಧ್ಯಾಂಕದ ಲೆವೀನ್ ಮತ್ತು ಈ ಫ್ಲಿಗ್ನರ್–ಕಿಲ್ಲೀನ್ ಎರಡೂ ಇದ್ದವು. ಆರ್‌ನಲ್ಲಿ ಬೇರೆ ಪ್ಯಾಕೇಜ್ ಹಾಕದೆಯೇ ಸಿಗುತ್ತದೆ. ಕೈಯಲ್ಲಿ ಮಾಡಲು ಹೋಗಬೇಡಿ, ತಲೆನೋವು.

ಹಾಗಾದರೆ ಯಾವಾಗಲೂ ಇದನ್ನೇ ಏಕೆ ಹಿಡಿಯಬಾರದು? ಜೀವಿಗಳಲ್ಲಿ ಒಂಟಿ ಅಂಕೆ ಯಾವಾಗಲೂ ತಪ್ಪಲ್ಲ. ಒಂದು ಮರ ನಿಜವಾಗಿಯೂ ದೊಡ್ಡ ಕಾಯಿ ಬಿಡುತ್ತಿರಬಹುದು, ನಿಮ್ಮ ಪ್ರಶ್ನೆಯ ಉತ್ತರವೇ ಆ ಮರವಾಗಿರಬಹುದು. ಅದರ ಬಾಯಿ ಮುಚ್ಚಿಸುವ ಟೆಸ್ಟ್ ಆಗ ಬೇಡ. ಯಂತ್ರದ, ಟೈಪಿಂಗಿನ ತಪ್ಪಿನ ಭಯ ಇದ್ದರೆ ಫ್ಲಿಗ್ನರ್. ಅಂಕೆಗಳ ಮೇಲೆ ನಂಬಿಕೆ ಇದ್ದರೆ ಮಧ್ಯಾಂಕದ ಲೆವೀನ್.

ಮೆನುವಿನಲ್ಲಿ ಆನ್ಸಾರಿ–ಬ್ರಾಡ್ಲಿ, ಸೀಗಲ್–ಟ್ಯೂಕಿ ಎಂಬ ಹೆಸರುಗಳೂ ಸಿಗುತ್ತವೆ. ಎರಡು ಗುಂಪಿನ ಮಧ್ಯಾಂಕ ಒಂದೇ ಜಾಗದಲ್ಲಿದೆ ಎಂದು ನಂಬಿಕೊಂಡು ಇವು ಹೊರಡುತ್ತವೆ. 337 ಮತ್ತು 545 ಎಲ್ಲಿಯ ಒಂದೇ ಜಾಗ? ದಾಟಿ ಮುಂದೆ ಹೋಗೋಣ.

ಗಾತ್ರಕ್ಕೆ ತಕ್ಕ ಏರುಪೇರು: ಸಿವಿ ಮತ್ತು ಲಾಗ್

ಈಗ ಮೊದಲನೆಯ ಪ್ರಶ್ನೆಗೆ ಹಿಂತಿರುಗೋಣ. ಸ್ಟ್ಯಾಂಡರ್ಡ್ ಡೀವಿಯೇಶನನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಕೋಎಫಿಶಿಯೆಂಟ್ ಆಫ್ ವೇರಿಯೇಶನ್, ಮಕ್ಕಳ ಬಾಯಿಯಲ್ಲಿ ಸಿವಿ. ಗೆಂದಾಳಿಯದ್ದು ಶೇಕಡಾ 12.4, ಊರ ತೆಂಗಿನದ್ದು 16.2. ನಾಲ್ಕೂವರೆ ಪಟ್ಟಿನ ಅಬ್ಬರ ಎಲ್ಲಿ ಹೋಯಿತು? ದೊಡ್ಡ ಕಾಯಿಗೆ ಗ್ರಾಂ ಲೆಕ್ಕದಲ್ಲಿ ಏರುಪೇರು ಜಾಸ್ತಿ ಇರುವುದು ಸಹಜವೇ. ಅದನ್ನು ಕಳೆದ ಮೇಲೆ ಉಳಿದದ್ದು ಇಷ್ಟು.

ಸಿವಿಗಳನ್ನೇ ಹೋಲಿಸುವ ಟೆಸ್ಟ್‌ಗಳೂ ಇವೆ. 1996ರ ಫೆಲ್ಟ್ಜ್–ಮಿಲ್ಲರ್ ಅಂಥದ್ದೊಂದು. ಅದು ಗಂಟೆಯಾಕಾರ ಕೇಳುತ್ತದೆ. ನಾನು ಹಿಡಿಯುವ ದಾರಿ ಬೇರೆ, ಹಳೆಯದು: ಎಲ್ಲ ಅಂಕೆಗಳ ಲಾಗ್ ತೆಗೆಯಿರಿ, ಆಮೇಲೆ ಮಧ್ಯಾಂಕದ ಲೆವೀನ್ ಹಾಕಿ. ಲಾಗ್ ಮಾಡಿದಾಗ 'ಇಷ್ಟು ಗ್ರಾಂ ಹೆಚ್ಚು' ಎಂಬುದು 'ಇಷ್ಟು ಪಟ್ಟು ಹೆಚ್ಚು' ಆಗುತ್ತದೆ. ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1966ರಲ್ಲಿ ಇದನ್ನೇ ಹೇಳಿದ್ದು. ಬಾಲ ಉದ್ದವಿರುವ ತೂಕದ ಅಂಕೆಗಳು ಲಾಗ್ ಮಾಡಿದ ಮೇಲೆ ಗಂಟೆಯ ಆಕಾರಕ್ಕೆ ಹತ್ತಿರ ಬರುವುದೂ ಉಂಟು, ಅದು ಕೊಸರು ಲಾಭ.

ನಮ್ಮ ಎಂಟೆಂಟು ಕಾಯಿಗಳಿಗೆ ಲಾಗ್ ಹಾಕಿದರೆ ಯಾವ ಟೆಸ್ಟೂ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಎಲ್ಲಿ ಇದು ಕೂಡದು? ಸೊನ್ನೆ ಇರುವ ಅಂಕೆಗಳಿಗೆ ಲಾಗ್ ಇಲ್ಲ. ಸೆಲ್ಸಿಯಸ್ ತಾಪಮಾನಕ್ಕೆ ಸಿವಿ ಹಾಕಿದರೆ ಅರ್ಥವಿಲ್ಲ, ಅಲ್ಲಿ ಸೊನ್ನೆಯೇ ಮನುಷ್ಯರು ಇಟ್ಟ ಸೊನ್ನೆ. ಮತ್ತೆ, ನಿಮ್ಮ ಪ್ರಶ್ನೆ ವ್ಯಾಪಾರದ್ದಾದರೆ, ಅಂದರೆ ಚೀಲಕ್ಕೆ ಎಷ್ಟು ಕಾಯಿ ಹಿಡಿಯುತ್ತದೆ ಎಂಬ ಲೆಕ್ಕದ್ದಾದರೆ, ಗ್ರಾಂ ಲೆಕ್ಕವೇ ಸರಿ. ಪರಾಗದ, ತಳಿಯ ಪ್ರಶ್ನೆಯಾದರೆ ಲಾಗ್. ನೀರ್ಚಾಲಿನ ಹುಡುಗಿಯ ಪ್ರಶ್ನೆ ತಳಿಯದ್ದು.

ಅಂಕೆ ಕಲಸುವುದು

ಕೊನೆಯ ಆಯ್ಕೆ ಪರ್ಮ್ಯುಟೇಶನ್. ಪ್ರತಿ ಅಂಕೆಯಿಂದ ಅದರ ಗುಂಪಿನ ಮಧ್ಯಾಂಕ ಕಳೆಯಿರಿ. ಉಳಿದ ಹದಿನಾರನ್ನೂ ಒಂದೇ ಬುಟ್ಟಿಗೆ ಹಾಕಿ, ಕಣ್ಣು ಮುಚ್ಚಿ ಎಂಟನ್ನು ಗೆಂದಾಳಿ ಎನ್ನಿ, ಎಂಟನ್ನು ಊರ ತೆಂಗು ಎನ್ನಿ. ಹದಿನಾರರಿಂದ ಎಂಟು ಆರಿಸುವ ದಾರಿಗಳು 12,870. ಅದರಲ್ಲಿ ಎಷ್ಟು ಸಲ ನಿಮಗೆ ಸಿಕ್ಕಿದಷ್ಟು ಅಥವಾ ಹೆಚ್ಚಿನ ವ್ಯತ್ಯಾಸ ಬರುತ್ತದೆ ಎಂದು ಕಂಪ್ಯೂಟರ್ ಎಣಿಸುತ್ತದೆ. ಆ ಪಾಲೇ ಪಿ ವ್ಯಾಲ್ಯೂ. ಗಂಟೆ, ಕೋಷ್ಟಕ ಯಾವುದೂ ಬೇಡ. ನನಗೆ ಇಷ್ಟ, ಏಕೆಂದರೆ ಅಜ್ಜಿಗೂ ವಿವರಿಸಬಹುದು. ಆದರೆ ಮಧ್ಯಾಂಕ ಕಳೆಯುವುದನ್ನು ಮರೆತರೆ ಸರಾಸರಿಗಳ ವ್ಯತ್ಯಾಸವೂ ಒಳಗೆ ಸೇರಿ ಲೆಕ್ಕ ಹಾಳು. ಆರ್ ಅಥವಾ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯಲು ಬರುವವರಿಗೆ ಮಾತ್ರ.

ದುಡ್ಡು, ದಿನ, ಮರ

ಸಾಫ್ಟ್‌ವೇರಿಗೆ ದುಡ್ಡು ಕೊಡಬೇಡಿ. ಆರ್, ಜಮೋವಿ, ಪಾಸ್ಟ್ ಮೂರೂ ಪುಕ್ಕಟೆ. ಪಾಸ್ಟ್ ಚಿಕ್ಕದು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ನಿಜವಾದ ಖರ್ಚು ಮರ ಹತ್ತಿಸುವುದು. ಕಾಯಿ ಕೊಯ್ಯುವವರು ಮರಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಏರುಪೇರಿನ ಪ್ರಶ್ನೆಯಂತೂ ಸರಾಸರಿಯ ಪ್ರಶ್ನೆಗಿಂತ ಹೆಚ್ಚು ಮರ ತಿನ್ನುತ್ತದೆ. ನಮ್ಮ ಎಂಟೆಂಟರ ಲೆಕ್ಕದಲ್ಲಿ ವೇರಿಯನ್ಸ್‌ಗಳ ಅನುಪಾತ 4.47 ಬಂತಲ್ಲ, ಅದರ 95 ಶೇಕಡಾ ಕಾನ್ಫಿಡೆನ್ಸ್ ಅಂತರ (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ) 0.9ರಿಂದ 22ರವರೆಗೆ. ಅಂದರೆ 'ಹೆಚ್ಚುಕಡಿಮೆ ಸಮ'ದಿಂದ 'ಇಪ್ಪತ್ತೆರಡು ಪಟ್ಟು'ವರೆಗೆ ಏನೂ ಇರಬಹುದು. ಇಷ್ಟು ಅಗಲದ ಬಲೆಯಲ್ಲಿ ಮೀನು ಸಿಕ್ಕಿತೆಂದು ಹೇಳುವುದು ಹೇಗೆ?

ಗಂಟೆಯಾಕಾರದ ಅಂಕೆಗಳಿಗೆ ಒಂದು ಅಂದಾಜು ಕೊಡುತ್ತೇನೆ. ಒಂದು ಗುಂಪಿನ ಸ್ಟ್ಯಾಂಡರ್ಡ್ ಡೀವಿಯೇಶನ್ ಇನ್ನೊಂದರ ಎರಡು ಪಟ್ಟು ಇದ್ದರೆ, ಅದನ್ನು ಹತ್ತರಲ್ಲಿ ಎಂಟು ಸಲ ಹಿಡಿಯಲು ಗುಂಪಿಗೆ ಇಪ್ಪತ್ತರ ಹತ್ತಿರ ಬೇಕು. ಒಂದೂವರೆ ಪಟ್ಟು ಇದ್ದರೆ ಐವತ್ತು. ಇದು ಎಫ್ ಟೆಸ್ಟಿನ ಲೆಕ್ಕ, ಲೆವೀನ್‌ಗೆ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ. ಹಾಗಾಗಿ ದುಡ್ಡು ಇಪ್ಪತ್ತು ಮರಕ್ಕೆ ಮಾತ್ರ ಇದ್ದರೆ, ಐದು ಮರದಿಂದ ಹನ್ನೆರಡು ಕಾಯಿ ತೆಗೆಯುವ ಬದಲು ಇಪ್ಪತ್ತು ಮರದಿಂದ ಮೂರು ಮೂರು ತೆಗೆಯಿರಿ. ತೂಗುವ ಕಾಯಿ ಅರುವತ್ತೇ, ಉತ್ತರ ಎಷ್ಟೋ ಗಟ್ಟಿ. ಗೆಂದಾಳಿ ಗಿಡ್ಡ, ಎಳೆ ಮರದ್ದಾದರೆ ನೆಲದಲ್ಲೇ ನಿಂತು ಕೊಯ್ಯಬಹುದು. ಉಳಿಸಿದ ದುಡ್ಡನ್ನು ಊರ ತೆಂಗಿಗೆ ಹಾಕಿ.

ಇನ್ನೊಂದು ವಿಷಯ ಯಾವ ಟೆಸ್ಟೂ ಹೇಳುವುದಿಲ್ಲ. ನಮ್ಮ ಕಡೆ ಗೆಂದಾಳಿ ಇರುವುದು ಬಾವಿಕಟ್ಟೆಯ ಬದಿಯಲ್ಲಿ, ಬಚ್ಚಲ ನೀರು ಹರಿಯುವಲ್ಲಿ. ಊರ ತೆಂಗು ತೋಟದ ಬದಿಯಲ್ಲಿ, ಗುಡ್ಡೆಯ ಇಳಿಜಾರಿನಲ್ಲಿ, ಮುರಕಲ್ಲಿನ ಮೇಲೆ, ಎಲ್ಲೆಂದರಲ್ಲಿ. ನೀರು ಸಮ ಸಿಕ್ಕಿದ ಮರಗಳಲ್ಲಿ ಕಾಯಿಯೂ ಸಮ ಇರುತ್ತದೆ. ಆಗ ಲೆವೀನ್ ಹಿಡಿದು ತೋರಿಸಿದ್ದು ಪರಾಗವನ್ನೋ ಬಚ್ಚಲ ನೀರನ್ನೋ? ಒಂದೇ ತೋಟದ, ಒಂದೇ ನೀರಿನ, ಒಂದೇ ವಯಸ್ಸಿನ ಮರಗಳು ಸಿಕ್ಕಿದರೆ ಮಾತ್ರ ತಳಿಯ ಮಾತು ಆಡಿ. ಇಲ್ಲದಿದ್ದರೆ 'ಈ ಎರಡು ಗುಂಪಿನಲ್ಲಿ ಹೀಗೆ ಕಂಡಿತು' ಎಂದು ಬರೆಯಿರಿ, ಅಷ್ಟೇ.

ಉಳಿದವರ ಪ್ರಶ್ನೆಗಳು

ಮಂಗಳ ಅಡಿಕೆ ಮತ್ತು ಊರ ಅಡಿಕೆಯ ಗೊನೆಯಲ್ಲಿ ಕಾಯಿ ಎಣಿಸುತ್ತಿರುವ ಹುಡುಗನಿಗೆ: ಎಣಿಕೆಯ ಅಂಕೆಗಳಲ್ಲಿ ಸರಾಸರಿ ಏರಿದರೆ ವೇರಿಯನ್ಸೂ ಜೊತೆಯಲ್ಲೇ ಏರುತ್ತದೆ. ಹಸಿ ಅಂಕೆಗೆ ಎಫ್ ಹಾಕಬೇಡ. ವರ್ಗಮೂಲ ಅಥವಾ ಲಾಗ್ ತೆಗೆದು ಮಧ್ಯಾಂಕದ ಲೆವೀನ್ ಹಾಕು.

ಟಿ ಟೆಸ್ಟಿಗೆ ಮೊದಲು ವೇರಿಯನ್ಸ್ ಸಮ ಇದೆಯೇ ನೋಡಬೇಕು ಎಂದು ಗೈಡ್ ಹೇಳಿದ್ದಾರೆ ಎನ್ನುವವರಿಗೆ: ನಿಮ್ಮ ಪ್ರಶ್ನೆ ಸರಾಸರಿಯದ್ದು ಮಾತ್ರವಾದರೆ ಈ ಪುರಾಣವೇ ಬೇಡ. ನೇರ ವೆಲ್ಚ್ ಟಿ ಟೆಸ್ಟ್ ಮಾಡಿ, ಅದು ವೇರಿಯನ್ಸ್ ಸಮ ಇರಬೇಕೆಂದು ಕೇಳುವುದಿಲ್ಲ.

ಡಿಎನ್‌ಎ ಅಂಕೆ ಇಟ್ಟುಕೊಂಡಿರುವವರಿಗೆ ಇಲ್ಲಿಯ ಯಾವ ಟೆಸ್ಟೂ ಅಲ್ಲ. ಗುಂಪುಗಳ ನಡುವಿನ ದೂರಕ್ಕೆ ಎಫ್‌ಎಸ್‌ಟಿ, ಒಳಗೆ ಎಷ್ಟು ಹೊರಗೆ ಎಷ್ಟು ಎಂದು ಪಾಲು ಮಾಡಲು 1992ರ ಅಮೋವಾ. ಅದು ಬೇರೆ ಅಡುಗೆಮನೆ. ಬಣ್ಣ, ಇದೆ–ಇಲ್ಲ ಎಂಬಂಥ ಗುಣಗಳಾದರೆ ಕೈ ಸ್ಕ್ವೇರ್ ಕಡೆಗೆ ಹೋಗಿ.

ಪದವಿನ, ಅಂದರೆ ಮುರಕಲ್ಲಿನ ಬಯಲಿನ, ಮೇಲಿನ ಮಳೆಹೊಂಡಗಳ ಗೊದಮೊಟ್ಟೆ ಅಳೆಯುತ್ತೇನೆ ಎಂದ ಇಬ್ಬರಿಗೆ: ಒಂದೇ ಹೊಂಡದಲ್ಲಿ ಮೊನ್ನೆ ಹುಟ್ಟಿದ್ದೂ ಮೂರು ವಾರದ್ದೂ ಒಟ್ಟಿಗೆ ಇರುತ್ತವೆ. ನೀವು ಅಳೆಯುವುದು ವಯಸ್ಸಿನ ಏರುಪೇರನ್ನು. ಒಂದೇ ಹಂತದ್ದನ್ನು, ಕಾಲು ಮೂಡಿದ್ದನ್ನು ಮಾತ್ರ, ಆರಿಸಿ. ಹೊಂಡಕ್ಕೆ ಒಂದು ಅಂಕೆ ಎಂದು ಹಿಡಿಯಿರಿ. ಲಾಗ್ ಮಾಡಿ ಫ್ಲಿಗ್ನರ್–ಕಿಲ್ಲೀನ್ ಹಾಕಿ. ಡಿಸೆಂಬರಿನಲ್ಲಿ ಹೋದರೆ ಅಲ್ಲಿ ಒಣ ಮುರಕಲ್ಲು ಮಾತ್ರ ಸಿಗುತ್ತದೆ, ಜೂನಿಗೇ ತಯಾರಿರಿ.

ನೀರ್ಚಾಲಿನ ಹುಡುಗಿ ಈಗ ಇಪ್ಪತ್ತೆರಡು ಗೆಂದಾಳಿ ಮರ ಹುಡುಕಿದ್ದಾಳೆ. ಲಾಗ್, ಮಧ್ಯಾಂಕದ ಲೆವೀನ್, ಎರಡು ಬದಿಯ ಪಿ ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಕು ಹಾಕಿ ಬರೆದಿದ್ದಾಳೆ. ಸುಲಿಯುವ ಮೊದಲು ಪ್ರತಿ ಕಾಯಿಯ ತೊಟ್ಟಿನ ಹತ್ತಿರ ಮರದ ನಂಬರ್ ಹಾಕಲು ಹೇಳಿದ್ದೆ. "ಸಿಪ್ಪೆಯ ಜೊತೆ ಅದೂ ಹೋಗುತ್ತದಲ್ವಾ ಟೀಚರೇ" ಎಂದಳು. ಹೌದಲ್ಲ! ಈಗ ಒಂದು ಮರದ್ದು ಸುಲಿದು, ಚಿಪ್ಪಿನ ಮೇಲೆ ಮಾರ್ಕರಿನಲ್ಲಿ ಬರೆದು, ತೂಗಿ, ಆಮೇಲೆ ಮುಂದಿನ ಮರದ್ದು.